ನಿಮಗೆ ಅವರು ಏನಾಗಬೇಕು?

ಕುಂಬ್ರದಲ್ಲಿ ಮಾಣಿ–ಮೈಸೂರು ಹೆದ್ದಾರಿಯನ್ನು ಬಿಟ್ಟು ಬೆಳ್ಳಾರೆ ರಸ್ತೆಗೆ ತಿರುಗಿದರೆ ಪೇಟೆಯ ಬೆಳಕು ಒಮ್ಮೆಲೇ ಹಿಂದೆ ಉಳಿದುಬಿಡುತ್ತದೆ. ತಿಂಗಳಾಡಿ ಕಡೆಗೆ ಹೋಗುವ ಈ ದಾರಿಯಲ್ಲೇ ಕೆದಂಬಾಡಿ ಇರುವುದು. ಒಂದು ಬದಿಯಲ್ಲಿ ರಬ್ಬರ್, ಇನ್ನೊಂದು ಬದಿಯಲ್ಲಿ ಬರೆ, ಅದರಾಚೆ ತಗ್ಗಿನಲ್ಲಿ ಅಡಿಕೆ ತೋಟ. ಮನೆಗಳು ತೋಟದೊಳಗೆ ಇರುವುದರಿಂದ ರಸ್ತೆಗೆ ಕಾಣುವುದಿಲ್ಲ. ನಾಯಿ ಬೊಗಳಿದರೆ ಮಾತ್ರ ಅಲ್ಲೊಂದು ಮನೆ ಇದೆ ಎಂದು ಗೊತ್ತಾಗುತ್ತದೆ.

2019ರ ಆಟಿ ತಿಂಗಳು, ಜುಲೈ–ಆಗಸ್ಟ್‌ನ ಮಳೆಗಾಲ. ಶಾಲೆಯ ಕೆಲಸಕ್ಕೆಂದು ಪುತ್ತೂರಿಗೆ ಹೋದವಳು ಹಿಂದಿರುಗುವಾಗ ರಾತ್ರಿ ಎಂಟು ದಾಟಿತ್ತು. ಮಳೆ ಆಗಷ್ಟೇ ಹೊಳವಾಗಿತ್ತು. ಒಂದು ತಿರುವಿನಲ್ಲಿ ನನ್ನ ಸ್ಕೂಟರಿನ ಬೆಳಕಿಗೆ ಬಿದ್ದಿದ್ದ ಬೈಕೊಂದು ಕಂಡಿತು. ಅದರ ಇಂಡಿಕೇಟರ್ ಇನ್ನೂ ಮಿಣುಕುತ್ತಿತ್ತು. ಪಕ್ಕದ ಚರಂಡಿಯಿಂದ ಒಂದು ಕಾಲು, ಚಪ್ಪಲಿ ಇಲ್ಲದ್ದು, ರಸ್ತೆಯ ಅಂಚಿಗೆ ಚಾಚಿಕೊಂಡಿತ್ತು.

ನಾನು ನಿಲ್ಲಲಿಲ್ಲ.

ಅರ್ಧ ಕಿಲೋಮೀಟರು ಮುಂದೆ ಹೋದೆ. ಆ ಅರ್ಧ ಕಿಲೋಮೀಟರಿನಲ್ಲಿ ತಲೆಯೊಳಗೆ ಏನೆಲ್ಲ ಓಡಿತು ಎಂಬುದು ಇವತ್ತಿಗೂ ನೆನಪಿದೆ. ರಾತ್ರಿ, ಒಬ್ಬಳೇ ಹೆಂಗಸು. ದಾರಿಯಲ್ಲಿ ಬೈಕ್ ಬೀಳಿಸಿಕೊಂಡು ಮಲಗಿ ದರೋಡೆ ಮಾಡುತ್ತಾರೆ ಎಂದು ವಾಟ್ಸ್ಆ್ಯಪ್‌ನಲ್ಲಿ ಯಾರೋ ಕಳಿಸಿದ್ದ ಸಂದೇಶ. ಮನೆಯಲ್ಲಿ ಅಮ್ಮ ಕಾಯುತ್ತಿರುವುದು. ಪೊಲೀಸು, ಕೋರ್ಟು. ಎಲ್ಲಕ್ಕಿಂತ ಜೋರಾಗಿ, ಹಿಂದಿನಿಂದ ಯಾರಾದರೂ ಬಂದೇ ಬರುತ್ತಾರಲ್ಲ ಎಂಬ ಸಮಾಧಾನ. ಕುಡಿದು ಬಿದ್ದಿರಬಹುದು ಎಂದೂ ಅಂದುಕೊಂಡೆ. ಅದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ, ಆದರೆ ಬರೆಯದೆ ಬಿಟ್ಟರೆ ಈ ಲೇಖನಕ್ಕೆ ಅರ್ಥವಿಲ್ಲ.

ಮುಂದೆ ಒಂದು ಗೂಡಂಗಡಿ. ಅಂಗಡಿಯ ಅಣ್ಣ ಬಾಗಿಲಿನ ಹಲಗೆಗಳನ್ನು ಒಂದೊಂದಾಗಿ ಕೂರಿಸುತ್ತಿದ್ದರು. ಹಳೆಯ ಅಂಗಡಿಗಳಲ್ಲಿ ಹಲಗೆಗೆ ಒಂದು, ಎರಡು, ಮೂರು ಎಂದು ಸಂಖ್ಯೆ ಬರೆದಿರುತ್ತಾರೆ, ಆ ಕ್ರಮದಲ್ಲೇ ಕೂರಬೇಕು. ಅವರು ಐದನೆಯದನ್ನು ಕೈಯಲ್ಲಿ ಹಿಡಿದಿದ್ದರು. ಆ ಬೆಳಕನ್ನು ಕಂಡದ್ದರಿಂದ ನಾನು ನಿಂತೆ. ಧೈರ್ಯ ಬಂದು ನಿಂತದ್ದಲ್ಲ.

“ಎಂತ ಆಯ್ತು ಟೀಚರೇ?”

“ತಿರುವಿನಲ್ಲಿ ಒಬ್ಬರು ಬಿದ್ದಿದ್ದಾರೆ ಅಣ್ಣ.”

“ಯಾರು?”

“ಗೊತ್ತಿಲ್ಲ.”

ಅವರು ಮತ್ತೊಂದು ಪ್ರಶ್ನೆ ಕೇಳಲಿಲ್ಲ. ಟಾರ್ಚ್ ತೆಗೆದುಕೊಂಡರು, ತೋಟದ ಕಡೆ ತಿರುಗಿ ಮಗನಿಗೆ ಒಂದು ಕೂ ಹಾಕಿದರು, ಕೈಯಲ್ಲಿದ್ದ ಹಲಗೆಯನ್ನೂ ಬಗಲಿಗೆ ಸಿಕ್ಕಿಸಿಕೊಂಡು ಹೊರಟರು. ಹಲಗೆ ಯಾಕೆ ಎಂದು ಆಗ ನನಗೆ ಹೊಳೆಯಲಿಲ್ಲ.

ನಮ್ಮ ಕಡೆಯ ಮಣ್ಣು ಕೆಂಪು. ಮಳೆಗಾಲದಲ್ಲಿ ಚರಂಡಿಯಲ್ಲಿ ಹರಿಯುವ ನೀರೂ ಕೆಂಪು. ಟಾರ್ಚಿನ ಬೆಳಕಿನಲ್ಲಿ ಯಾವುದು ನೀರು, ಯಾವುದು ರಕ್ತ ಎಂದು ತಿಳಿಯುವಂತಿರಲಿಲ್ಲ. ನಲವತ್ತರ ಆಸುಪಾಸಿನವರು. ಹೆಲ್ಮೆಟ್ ಬೈಕಿನ ಕನ್ನಡಿಗೆ ನೇತುಹಾಕಿದ ಹಾಗೇ ಇತ್ತು. “ದಾನೆ ಆಂಡ್?” ಎಂದು ಅಣ್ಣ ಬಗ್ಗಿ ತುಳುವಿನಲ್ಲಿ ಏನಾಯಿತೆಂದು ಕೇಳಿದರೆ ಅವರು “ಬೈಕ್, ಬೈಕ್” ಎಂದಷ್ಟೇ ಹೇಳುತ್ತಿದ್ದರು. 108ಕ್ಕೆ ಫೋನ್ ಮಾಡಲು ಸಿಗ್ನಲ್ ಹುಡುಕಿಕೊಂಡು ನಾನು ದಿಬ್ಬದ ಮೇಲೆ ಹತ್ತಬೇಕಾಯಿತು. ಹತ್ತಿರದ ಆಂಬುಲೆನ್ಸ್ ಬೇರೆ ರೋಗಿಯನ್ನು ಕರೆದೊಯ್ಯುತ್ತಿದೆ, ಮುಕ್ಕಾಲು ಗಂಟೆ ಆಗಬಹುದು ಎಂಬ ಉತ್ತರ ಬಂತು.

ಅಷ್ಟರಲ್ಲಿ ಮೂರು ವಾಹನಗಳು ಬಂದವು. ಮೂರೂ ನಿಧಾನವಾದವು. ಒಂದರ ಗಾಜು ಇಳಿಯಿತು, “ಡೆತ್ತಾ?” ಎಂದು ಒಂದು ದನಿ ಕೇಳಿತು, ಅಲ್ಲ ಎಂದಾಗ ಗಾಜು ಏರಿತು. ನನಗೆ ಸಿಟ್ಟು ಬರಲಿಲ್ಲ. ಹತ್ತು ನಿಮಿಷದ ಹಿಂದೆ ನಾನೂ ಅದೇ ಸಾಲಿನಲ್ಲಿದ್ದೆ.

ನಾಲ್ಕನೆಯದು ಮೀನಿನ ಗೂಡ್ಸ್ ರಿಕ್ಷಾ. ಮಾರಾಟ ಮುಗಿಸಿ ಖಾಲಿ ಪೆಟ್ಟಿಗೆಗಳೊಂದಿಗೆ ಮನೆಗೆ ಹೊರಟಿದ್ದ ಬ್ಯಾರಿ ಮುಸ್ಲಿಂ ಹುಡುಗ, ಇಪ್ಪತ್ತೆರಡು ಇಪ್ಪತ್ಮೂರು ಇರಬಹುದು. ಕೈ ತೋರಿಸುವ ಮೊದಲೇ ನಿಲ್ಲಿಸಿದ. ಪೆಟ್ಟಿಗೆಗಳನ್ನು ರಸ್ತೆ ಬದಿಗೆ ಇಳಿಸಿದ. ಐದನೆಯ ಹಲಗೆ ಯಾಕೆ ಬಂತು ಎಂದು ಆಗ ತಿಳಿಯಿತು. ಕುತ್ತಿಗೆ ಅಲುಗದಂತೆ ಅಣ್ಣ ಎರಡು ಕೈಯಲ್ಲೂ ತಲೆಯನ್ನು ಹಿಡಿದುಕೊಂಡರು. ಅವರ ಮಗ, ಈ ಹುಡುಗ ಮತ್ತು ನಾನು ಸೇರಿ ಹಲಗೆಯನ್ನು ಬೆನ್ನಿನಡಿಗೆ ಮೆಲ್ಲ ಸರಿಸಿದೆವು. ಪುತ್ತೂರಿಗೆ ಹತ್ತು ಹದಿನೈದು ಕಿಲೋಮೀಟರು, ಮೀನಿನ ವಾಸನೆಯ ಟರ್ಪಾಲಿನ ಕೆಳಗೆ.

ಆಸ್ಪತ್ರೆಯಲ್ಲಿ ಕೇಳಿದ ಮೊದಲ ಪ್ರಶ್ನೆ, “ನಿಮಗೆ ಅವರು ಏನಾಗಬೇಕು?”

ಏನೂ ಆಗಬೇಕಿಲ್ಲ ಎಂದೆ. ಹಾಗಾದರೆ ಸೈನ್ ಮಾಡುವವರು ಯಾರು ಎಂದರು. ಕಾಗದದಲ್ಲಿ ರೋಗಿಯ ಜೊತೆ ಸಂಬಂಧ ಎಂದು ಒಂದು ಕಲಂ ಇತ್ತು. ನಾನು ಪೆನ್ನು ಹಿಡಿದು ಯೋಚಿಸುತ್ತ ನಿಂತಿರುವಾಗ ಹುಡುಗ ಅದನ್ನು ತೆಗೆದುಕೊಂಡು “ಅಣ್ಣ” ಎಂದು ಬರೆದು ಸಹಿ ಹಾಕಿದ. ಅಷ್ಟರಲ್ಲಿ ಕಿಸೆಯಲ್ಲಿದ್ದ ಚೀಟಿಯಿಂದ ಗಾಯಾಳುವಿನ ಹೆಸರು ಗೊತ್ತಾಗಿತ್ತು. ಗುಮಾಸ್ತರು ಒಂದು ಹೆಸರು ನೋಡಿದರು, ಇನ್ನೊಂದು ಹೆಸರು ನೋಡಿದರು, ಒಮ್ಮೆ ತಲೆ ಎತ್ತಿ ಹುಡುಗನ ಮುಖ ನೋಡಿದರು. ಸ್ಟ್ರೆಚರ್ ಒಳಗೆ ಹೋಯಿತು.

ಆಮೇಲಿನದು ಸಾಮಾನ್ಯ ಕಥೆ. ಠಾಣೆಯಿಂದ ಹುಡುಗನಿಗೆ ಎರಡು ಸಲ ಕರೆ ಬಂತು. ಗುದ್ದಿದ್ದು ನೀನೇ ಅಲ್ಲವಾ ಎಂಬ ಅನುಮಾನ ಮೊದಲ ಸಲ, ಹೇಳಿಕೆ ಎರಡನೆಯ ಸಲ. ಎರಡು ದಿನದ ವ್ಯಾಪಾರ ಹೋಯಿತು. ಗಾಯಾಳುವನ್ನು ಮರುದಿನ ಮಂಗಳೂರಿಗೆ ಕಳಿಸಿದರು. ಬದುಕಿದರು, ಈಗ ಸ್ವಲ್ಪ ಕುಂಟುತ್ತ ನಡೆಯುತ್ತಾರೆ.

ಆ ಹುಡುಗನಿಗೂ ನನಗೂ ಗೊತ್ತಿರದಿದ್ದ ಸಂಗತಿಯೊಂದಿತ್ತು. ಆ ಎರಡು ದಿನ ಅವನಿಂದ ಕಸಿಯುವ ಹಕ್ಕು ಯಾರಿಗೂ ಇರಲಿಲ್ಲ. ಸುಪ್ರೀಂ ಕೋರ್ಟು 2016ರ ಮಾರ್ಚ್ 30ರಂದೇ, ಸೇವ್‌ಲೈಫ್ ಫೌಂಡೇಷನ್ ಹೂಡಿದ್ದ ಮೊಕದ್ದಮೆಯಲ್ಲಿ, ಗಾಯಾಳುವನ್ನು ಆಸ್ಪತ್ರೆಗೆ ತಂದವರನ್ನು ಸತಾಯಿಸಬಾರದು ಎಂಬ ಕೇಂದ್ರದ ಮಾರ್ಗಸೂಚಿಯನ್ನು ದೇಶಕ್ಕೆಲ್ಲ ಕಡ್ಡಾಯ ಮಾಡಿತ್ತು. ಕರ್ನಾಟಕ ಒಂದು ಹೆಜ್ಜೆ ಮುಂದೆ ಹೋಗಿ 2016ರಲ್ಲಿ ತನ್ನದೇ ಕಾಯ್ದೆ ಮಾಡಿತು. ಇಂಥ ಕಾಯ್ದೆ ಮಾಡಿದ ಮೊದಲ ರಾಜ್ಯ ನಮ್ಮದು. ಅದಕ್ಕೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ನಾವು ಚರಂಡಿಯ ಪಕ್ಕ ನಿಂತಿದ್ದ ಆ ಆಟಿಯಲ್ಲೇ ಸಂಸತ್ತು ಮೋಟಾರು ವಾಹನ ಕಾಯ್ದೆಗೆ 134ಎ ಕಲಮನ್ನು ಸೇರಿಸಿತು. ಒಳ್ಳೆಯ ಮನಸ್ಸಿನಿಂದ, ಪ್ರತಿಫಲ ಬಯಸದೆ ಗಾಯಾಳುವಿಗೆ ತುರ್ತು ನೆರವು ಕೊಡುವಾಗ ಏನಾದರೂ ಹೆಚ್ಚುಕಡಿಮೆಯಾಗಿ ಜೀವ ಹೋದರೂ ನೆರವಾದವರ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಮೊಕದ್ದಮೆ ನಡೆಯುವುದಿಲ್ಲ ಎನ್ನುತ್ತದೆ ಅದು. ಮರುವರ್ಷ ಬಂದ ನಿಯಮಗಳು ಇನ್ನೂ ಸ್ಪಷ್ಟವಾಗಿವೆ. ಹೆಸರು, ವಿಳಾಸ, ಫೋನ್ ನಂಬರ್ ಕೊಡಲೇಬೇಕು ಎಂದು ಯಾರೂ ಒತ್ತಾಯಿಸುವಂತಿಲ್ಲ. ಸಾಕ್ಷಿಯಾಗುವುದೂ ಬಿಡುವುದೂ ನಮ್ಮ ಇಷ್ಟ. ಒಪ್ಪಿದರೆ ಪೊಲೀಸರೇ ನಮಗೆ ಅನುಕೂಲವಾದ ಜಾಗಕ್ಕೆ ಬಂದು ಹೇಳಿಕೆ ಪಡೆಯಬೇಕು. ಈ ಹಕ್ಕುಗಳ ಫಲಕವನ್ನು ಸರಕಾರಿ, ಖಾಸಗಿ ಎನ್ನದೆ ಪ್ರತಿ ಆಸ್ಪತ್ರೆಯೂ ಬಾಗಿಲಿನಲ್ಲಿ, ಸ್ಥಳೀಯ ಭಾಷೆಯಲ್ಲೂ, ಹಾಕಬೇಕು. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಅದು ಎಲ್ಲಿದೆ ಎಂದು ಹುಡುಕಿ ನೋಡಿ. ಕಾಣದಿದ್ದರೆ ಕೇಳಿ.

ಏನಾಗಬೇಕು ಎಂಬ ಪ್ರಶ್ನೆಗೆ ಉತ್ತರಿಸುವ ಅಗತ್ಯವೇ ಇಲ್ಲ ಎಂದು ಕಾನೂನು ಹೇಳುತ್ತಿದೆ. ಅಲ್ಲಿಗೆ ತಲುಪಲು ದೇಶಕ್ಕೆ ಬಹಳ ಕಾಲ ಹಿಡಿಯಿತು. 1988ರಲ್ಲಿ ಪರಮಾನಂದ ಕಟಾರ ಎಂಬ ಮಾನವ ಹಕ್ಕುಗಳ ಕಾರ್ಯಕರ್ತರು ಒಂದು ಪತ್ರಿಕಾ ವರದಿಯನ್ನು ಹಿಡಿದು ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಕಾರು ಗುದ್ದಿದ ಸ್ಕೂಟರ್ ಸವಾರನನ್ನು ದಾರಿಹೋಕನೊಬ್ಬ ಎತ್ತಿಕೊಂಡು ಆಸ್ಪತ್ರೆಗೆ ಒಯ್ದಿದ್ದ. ಪೊಲೀಸ್ ಕೇಸು ನೋಡುವ ಅಧಿಕಾರ ತಮಗಿಲ್ಲ ಎಂದು ಅಲ್ಲಿನ ವೈದ್ಯರು ಸುಮಾರು 20 ಕಿಲೋಮೀಟರು ದೂರದ ಇನ್ನೊಂದು ಆಸ್ಪತ್ರೆಗೆ ಕಳಿಸಿದರು. ದಾರಿಯಲ್ಲೇ ಜೀವ ಹೋಯಿತು. ಮೊದಲು ಜೀವ ಉಳಿಸಿ, ಕಾಗದಪತ್ರ ಆಮೇಲೆ ಎಂದು ಕೋರ್ಟು 1989ರಲ್ಲೇ ಹೇಳಿತು. ಆ ಪ್ರಕರಣದಲ್ಲಿ ನಿಲ್ಲಬೇಕಾದವನು ನಿಂತಿದ್ದ. ಸೋತದ್ದು ಅವನ ಮುಂದಿನ ಬಾಗಿಲು. ನಿಲ್ಲದವರನ್ನು ಬೈಯುವ ಮೊದಲು ನಿಂತವರಿಗೆ ನಾವು ಏನು ಮಾಡಿದ್ದೇವೆ ಎಂದು ನೋಡಬೇಕು ಎಂದು ನಾನು ಹೇಳುವುದು ಇದಕ್ಕೇ. ಸೇವ್‌ಲೈಫ್ ಸಂಸ್ಥೆ 2013ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಗಾಯಾಳುವಿಗೆ ನೆರವಾಗಲು ಮುಂದಾಗುವುದು ಕಷ್ಟ ಎಂದವರು ಶೇ 74. ಅವರಲ್ಲಿ ಶೇ 88 ಮಂದಿ ಕೊಟ್ಟ ಕಾರಣ ಪೊಲೀಸರ ವಿಚಾರಣೆ ಮತ್ತು ಕೋರ್ಟಿನ ಅಲೆದಾಟ. ಇಷ್ಟು ಜನಕ್ಕೆ ಕರುಣೆ ಇಲ್ಲ ಎನ್ನಲು ನನಗೆ ಮನಸ್ಸು ಬಾರದು.

ಆದರೂ ಕಾನೂನಿನ ಭಯ ಒಂದನ್ನೇ ಹೇಳಿದರೆ ಪೂರ್ತಿ ನಿಜ ಹೇಳಿದಂತಾಗುವುದಿಲ್ಲ. 2016ರ ಫೆಬ್ರುವರಿ 16ರಂದು ನೆಲಮಂಗಲದ ಬಳಿ ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕಿ ದೇಹ ಎರಡಾಗಿ ಬಿದ್ದಿದ್ದ ಹರೀಶ್ ನಂಜಪ್ಪ ಎಂಬ ಯುವಕ, ಆ ಸ್ಥಿತಿಯಲ್ಲೂ ತನ್ನ ಅಂಗಾಂಗಗಳನ್ನು ದಾನ ಮಾಡಿ ಎಂದು ಕೇಳಿಕೊಂಡ. ಅವನ ಕಣ್ಣುಗಳು ಬೇರೆಯವರಿಗೆ ಬೆಳಕಾದವು. ರಸ್ತೆಯಲ್ಲಿ ಬಿದ್ದು ಸಾಯುತ್ತಿದ್ದವನು ಗುರುತಿಲ್ಲದವರ ಬಗ್ಗೆ ಯೋಚಿಸಿದ. ಅಪಘಾತವಾದ ಮೊದಲ 48 ಗಂಟೆಗಳಲ್ಲಿ 25,000 ರೂಪಾಯಿವರೆಗೆ ಉಚಿತ ಚಿಕಿತ್ಸೆ ಕೊಡುವ ರಾಜ್ಯದ ಯೋಜನೆಗೆ ಸರಕಾರ ಅವನ ಹೆಸರನ್ನೇ ಇಟ್ಟಿತು. ಒಂದು ವರ್ಷ ಕಳೆದಿರಲಿಲ್ಲ, 2017ರ ಫೆಬ್ರುವರಿಯಲ್ಲಿ ಕೊಪ್ಪಳದಲ್ಲಿ ಸೈಕಲ್ ತುಳಿಯುತ್ತಿದ್ದ ಹದಿಹರೆಯದ ಹುಡುಗನ ಮೇಲೆ ಬಸ್ಸು ಹರಿಯಿತು. ಸಹಾಯ ಮಾಡಿ ಎಂದು ಅವನು ಕೈ ಚಾಚುತ್ತಿದ್ದರೆ ಸುತ್ತ ನಿಂತವರು ಮೊಬೈಲಿನಲ್ಲಿ ವಿಡಿಯೊ ಮಾಡಿದರು. ಹುಡುಗ ಉಳಿಯಲಿಲ್ಲ. ಸುಪ್ರೀಂ ಕೋರ್ಟಿನ ಆದೇಶ ಬಂದು ಆಗ ಹತ್ತು ತಿಂಗಳಾಗಿತ್ತು. ಅಲ್ಲಿದ್ದವರು ನಿಂತಿದ್ದರು, ನಿಂತೂ ನೆರವಾಗಲಿಲ್ಲ. ಗುಂಪಿನಲ್ಲಿ ನಿಂತವನಿಗೆ ಇನ್ನೊಬ್ಬ ಮಾಡುತ್ತಾನೆ ಅನ್ನಿಸುತ್ತದೆ, ಆ ಇನ್ನೊಬ್ಬನಿಗೂ ಹಾಗೇ ಅನ್ನಿಸುತ್ತಿರುತ್ತದೆ. ಒಬ್ಬಳೇ ಇದ್ದ ನನಗೂ ಅನ್ನಿಸಿದ್ದು ಅದೇ. ಹಿಂದೆ ಬರುವವರ ಗುಂಪೊಂದನ್ನು ನಾನು ಮನಸ್ಸಿನಲ್ಲೇ ಕಟ್ಟಿಕೊಂಡಿದ್ದೆ.

ಈ ಬಗ್ಗೆ ಓದುತ್ತ ಹೋದಾಗ 1973ರಲ್ಲಿ ಪ್ರಕಟವಾದ ಒಂದು ಪ್ರಯೋಗ ನನ್ನನ್ನು ಹಿಡಿದು ನಿಲ್ಲಿಸಿತು. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಗಳಾಗಲು ಓದುತ್ತಿದ್ದ 40 ವಿದ್ಯಾರ್ಥಿಗಳನ್ನು ಡಾರ್ಲಿ ಮತ್ತು ಬ್ಯಾಟ್ಸನ್ ಎಂಬ ಮನಶ್ಶಾಸ್ತ್ರಜ್ಞರು ಪಕ್ಕದ ಕಟ್ಟಡಕ್ಕೆ ಹೋಗಿ ಮಾತನಾಡಲು ಕಳಿಸಿದರು. ಕೆಲವರ ಭಾಷಣದ ವಿಷಯ ಬೈಬಲಿನ ದಯಾಳು ಸಮಾರ್ಯದವನ ಕಥೆ, ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಪರಜಾತಿಯವನೊಬ್ಬ ಎತ್ತಿ ಉಪಚರಿಸಿದ ಕಥೆ. ದಾರಿಯಲ್ಲಿ ಒಬ್ಬ ಮನುಷ್ಯ ಕುಸಿದು ಕೂತು ನರಳುವಂತೆ ಏರ್ಪಾಡಾಗಿತ್ತು. ಸಮಯವಿದೆ ಎಂದು ಹೇಳಿ ಕಳಿಸಿದವರಲ್ಲಿ ಶೇ 63 ಮಂದಿ ನಿಂತರು. ತಡವಾಯಿತು, ಬೇಗ ಹೋಗಿ ಎಂದು ಅವಸರಪಡಿಸಿದವರಲ್ಲಿ ನಿಂತವರು ಶೇ 10. ಭಾಷಣದ ವಿಷಯ ಯಾವುದು ಎಂಬುದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ. ತರಗತಿಯಲ್ಲಿ ಮಕ್ಕಳಿಗೆ ದಯೆಯ ಪಾಠ ಮಾಡುವ ನಾನು ಇದನ್ನು ಓದಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ.

ನಮ್ಮ ಸೀಮೆಗೂ ಅಂಥದೇ ಒಂದು ಕಥೆ ಇದೆ. ಇಲ್ಲಿಂದ ಹೆಚ್ಚು ದೂರವಿಲ್ಲದ ಪಡುಮಲೆಯದು. ಕೋಟಿ ಚೆನ್ನಯರ ಪಾಡ್ದನ, ನಮ್ಮ ತುಳು ಹಾಡುಗಥೆ, ಎಂದರೆ ಎಲ್ಲರಿಗೂ ನೆನಪಾಗುವುದು ಅವಳಿ ವೀರರು, ಸುರಗಿ, ಗರಡಿ. ಅದು ಶುರುವಾಗುವುದು ಮಾತ್ರ ದಾರಿಯಲ್ಲಿ ಸಿಕ್ಕಿದ ಒಬ್ಬ ಹುಡುಗಿಯಿಂದ. ಮದುವೆಗೆ ಮೊದಲೇ ಮೈನೆರೆದಳು ಎಂಬ ಕಾರಣಕ್ಕೆ ಸುವರ್ಣ ಕೇದಗೆಯನ್ನು ಸಾಕುತಂದೆಯಾದ ಬ್ರಾಹ್ಮಣ ಕಣ್ಣಿಗೆ ಬಟ್ಟೆ ಕಟ್ಟಿ ಕಾಡಿನಲ್ಲಿ ಬಿಟ್ಟುಬರುತ್ತಾನೆ. ಅಳುವ ದನಿ ಕೇಳಿಸಿದ್ದು ಕಳ್ಳು ಇಳಿಸಲು ಬಂದಿದ್ದ ಸಾಯನ ಬೈದ್ಯನಿಗೆ. ಅವನೇನು ಯೋಚಿಸಿರಬೇಕು? ಮೇಲುಜಾತಿಯ ಹೆಣ್ಣು, ಹೊರಗೆ ಹಾಕಿದವಳು, ಮುಟ್ಟಿದರೆ ತಪ್ಪು ತನ್ನ ತಲೆಗೇ ಬರಬಹುದು. ಅವನು ಅವಳನ್ನು ತಂಗಿ ಎಂದು ಮನೆಗೆ ಕರೆದುಕೊಂಡು ಹೋದ. ಅವಳೇ ಮುಂದೆ ದೇಯಿ ಬೈದೆತಿ. ಕಾಲಿಗೆ ಮುಳ್ಳು ಹೊಕ್ಕು ನರಳುತ್ತಿದ್ದ ಪಡುಮಲೆಯ ಬಲ್ಲಾಳನನ್ನು ಸೊಪ್ಪಿನ ಮದ್ದಿನಿಂದ ಗುಣಪಡಿಸಿದವಳು, ಕೋಟಿ ಚೆನ್ನಯರನ್ನು ಹೆತ್ತವಳು. ಗೆಜ್ಜೆಗಿರಿಯಲ್ಲಿ ಅವಳಿಗೂ ಸಾಯನ ಬೈದ್ಯನಿಗೂ ಇವತ್ತು ಜನ ಕೈಮುಗಿಯುತ್ತಾರೆ. ಸಾಯನ ಆ ದಿನ ದನಿ ಕೇಳಿಯೂ ದಾಟಿ ಹೋಗಿದ್ದರೆ ಪಾಡ್ದನವೇ ಇರುತ್ತಿರಲಿಲ್ಲ. ನಿನಗೆ ಅವಳು ಏನಾಗಬೇಕು ಎಂದು ಊರು ಅವನನ್ನೂ ಕೇಳಿರುತ್ತದೆ. ತಂಗಿ ಎಂಬ ಮಾತನ್ನು ಅವನು ದಾರಿಯಲ್ಲೇ ಸಿದ್ಧಮಾಡಿಕೊಂಡಿದ್ದ. ಮೀನಿನ ಹುಡುಗನ ಅಣ್ಣ ಎಂಬ ಎರಡಕ್ಷರ ಬಂದದ್ದೂ ಅಲ್ಲಿಂದಲೇ ಎಂದು ನಾನು ನಂಬುತ್ತೇನೆ.

ಹೀಗೆ ಹೇಳಿ ನಮ್ಮ ನೆಲವನ್ನು ಹೊಗಳಿಕೊಂಡು ಮುಗಿಸುವ ಹಾಗಿಲ್ಲ. 2022ರ ಜುಲೈ ಕೊನೆಗೆ ಹತ್ತು ದಿನಗಳೊಳಗೆ ಜಿಲ್ಲೆಯಲ್ಲಿ ಕೋಮುದ್ವೇಷದ ಸರಣಿಯಲ್ಲಿ ಮೂವರು ಯುವಕರ ಕೊಲೆಯಾಯಿತು, ಅದರಲ್ಲಿ ಇಬ್ಬರ ಮೇಲೆ ದಾಳಿಯಾದದ್ದು ಇದೇ ರಸ್ತೆಯ ಆ ತುದಿಯ ಬೆಳ್ಳಾರೆ ಆಸುಪಾಸಿನಲ್ಲಿ. ಸಂಜೆ ಆರಕ್ಕೇ ಅಂಗಡಿ ಮುಚ್ಚಬೇಕು ಎಂದು ಜಿಲ್ಲಾಡಳಿತ ಆದೇಶಿಸಿತು. ಆ ದಿನಗಳಲ್ಲಿ ಬೈಕಿನ ದನಿ ಕೇಳಿದರೆ ಜನ ದೀಪ ಆರಿಸುತ್ತಿದ್ದರು. ಯಾರಾದರೂ ಕೈ ಅಡ್ಡ ಹಿಡಿದರೆ ನಿಲ್ಲಬೇಡ ಎಂದು ಮಕ್ಕಳಿಗೆ ಹೇಳಿ ಕಳಿಸುತ್ತಿದ್ದರು. ಅಂಗಡಿಗಳು ಮತ್ತೆ ತೆರೆದವು, ಆ ಮಾತು ಹಾಗೇ ಉಳಿದುಕೊಂಡಿತು. ಇವತ್ತಿಗೂ ಬಸ್ಸು ತಪ್ಪಿಸಿಕೊಂಡು ಮಳೆಯಲ್ಲಿ ನಿಂತ ಕಾಲೇಜು ಹುಡುಗಿಗೆ ಲಿಫ್ಟ್ ಕೊಡುವ ಮೊದಲು ನಮ್ಮ ಜಿಲ್ಲೆಯ ಗಂಡಸು ಅವಳ ಹೆಸರನ್ನು, ತನ್ನ ಹೆಸರನ್ನು, ಮುಂದಿನ ಪೇಟೆಯಲ್ಲಿ ಯಾರು ನಿಂತಿರಬಹುದು ಎಂಬುದನ್ನು ಲೆಕ್ಕ ಹಾಕುತ್ತಾನೆ. ಇದು ಪೊಲೀಸ್ ಭಯವಲ್ಲ, 134ಎ ಕಲಂ ಇದಕ್ಕೆ ಮದ್ದಲ್ಲ. ಗುಮಾಸ್ತರು ಎರಡು ಹೆಸರು ನೋಡಿ ತಲೆ ಎತ್ತಿದಾಗ ನನ್ನ ಎದೆ ಒಂದು ಕ್ಷಣ ನಿಂತಂತಾದದ್ದೂ ಇದೇ ಭಯಕ್ಕೆ.

ಎಲ್ಲರೂ ಎಲ್ಲ ಕಡೆ ನಿಲ್ಲಬೇಕು ಎಂದು ನಾನು ಹೇಳುವುದಿಲ್ಲ. ರಾತ್ರಿ ಒಬ್ಬಳೇ ಹೋಗುವ ಹೆಣ್ಣುಮಗಳು ಇಳಿಯದಿದ್ದರೆ ಅದು ತಪ್ಪಲ್ಲ. ಆದರೆ ಇಳಿಯುವುದಕ್ಕೂ ಓಡಿಹೋಗುವುದಕ್ಕೂ ನಡುವೆ ಎಷ್ಟೊಂದು ಜಾಗವಿದೆ. ಸ್ವಲ್ಪ ಮುಂದೆ ಹೋಗಿ ಎಂಜಿನ್ ಆರಿಸದೆ 108ಕ್ಕೆ ಫೋನ್ ಮಾಡಬಹುದು. ಹತ್ತಿರದ ಗೇಟಿನ ಮುಂದೆ ಹಾರ್ನ್ ಒತ್ತಿ ಮನೆಯವರನ್ನು ಎಬ್ಬಿಸಬಹುದು. ತಿರುವಿನಲ್ಲಿ ಬಿದ್ದವರ ಮೇಲೆ ಇನ್ನೊಂದು ವಾಹನ ಹರಿಯದಂತೆ ನಾಲ್ಕೂ ಇಂಡಿಕೇಟರ್ ಹಾಕಿ ಕಾರನ್ನು ಹಿಂದೆ ನಿಲ್ಲಿಸಿಕೊಂಡರೂ ಒಂದು ಜೀವ ಉಳಿದೀತು. ಹತ್ತಿರ ಹೋದವರಿಗೆ ಒಂದು ಮಾತು. ನಮ್ಮಲ್ಲಿ ಬಿದ್ದವರನ್ನು ಕಂಡ ಕೂಡಲೇ ಎತ್ತಿ ಕೂರಿಸಿ ಬಾಯಿಗೆ ನೀರೋ ಸೋಡವೋ ಹುಯ್ಯುತ್ತಾರೆ. ಪ್ರೀತಿಯಿಂದಲೇ ಮಾಡುವುದು, ಆದರೆ ಅರೆಪ್ರಜ್ಞೆಯಲ್ಲಿ ಇರುವವರಿಗೆ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ, ಮುರಿದ ಕುತ್ತಿಗೆ ಕೂರಿಸಿದರೆ ಕೈಕಾಲು ಶಾಶ್ವತವಾಗಿ ಹೋಗಬಹುದು. ರಕ್ತ ಸೋರುವಲ್ಲಿ ಶುಭ್ರ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿಯುವುದು, ಕತ್ತು ಅಲುಗದಂತೆ ನೋಡಿಕೊಳ್ಳುವುದು, ಮಾತನಾಡಿಸುತ್ತಿರುವುದು, ಇಷ್ಟು ಸಾಕು. ಪೆಟ್ಟು ಬಿದ್ದ ಮೊದಲ ಒಂದು ಗಂಟೆಯನ್ನು ಕಾಯ್ದೆಯೇ ಸುವರ್ಣ ಗಂಟೆ ಎಂದು ಗುರುತಿಸಿದೆ. ಕೆದಂಬಾಡಿಯಿಂದ ಮಂಗಳೂರಿಗೆ ಆ ಗಂಟೆಯೊಳಗೆ ಮುಟ್ಟುವುದು ಹಗಲಲ್ಲೂ ಕಷ್ಟ. ಹಾಗಾಗಿ ಇಲ್ಲಿ ಒಬ್ಬರು ಯೋಚಿಸುತ್ತ ಕಳೆಯುವ ಐದು ನಿಮಿಷಕ್ಕೆ ಪೇಟೆಯ ಐದು ನಿಮಿಷಕ್ಕಿಂತ ಬೆಲೆ ಹೆಚ್ಚು.

ಗಾಯಾಳುವನ್ನು ಉಳಿಸಿದವರಿಗೆ ಕೇಂದ್ರ ಸರಕಾರ 2021ರಲ್ಲಿ 5,000 ರೂಪಾಯಿ ಬಹುಮಾನ ಘೋಷಿಸಿತು, 2025ರಲ್ಲಿ ಅದನ್ನು 25,000ಕ್ಕೆ ಏರಿಸಿತು. ಅದೇ ವರ್ಷ ಗಾಯಾಳುವಿಗೆ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಯ ನಗದುರಹಿತ ಚಿಕಿತ್ಸೆಯೂ ಬಂತು. ಎರಡೂ ಒಳ್ಳೆಯದೇ, ಎರಡನೆಯದು ಇನ್ನೂ ಒಳ್ಳೆಯದು. ದುಡ್ಡು ಯಾರು ಕಟ್ಟುತ್ತಾರೆ ಎಂಬ ಅಂಜಿಕೆ ಇಲ್ಲದಿದ್ದರೆ ಆಸ್ಪತ್ರೆಯ ಬಾಗಿಲಿನಲ್ಲಿ ಸಂಬಂಧ ಕೇಳುವವರ ದನಿಯೂ ಮೆತ್ತಗಾಗುತ್ತದೆ.

ಗೂಡಂಗಡಿಯ ಅಣ್ಣನನ್ನು ನಾನು ಒಮ್ಮೆ ಕೇಳಿದ್ದೆ, ಆ ದಿನ ನಾನು ಹೇಳಿದ ಕೂಡಲೇ ಹಲಗೆ ಹಿಡಿದು ಹೊರಟಿರಲ್ಲ, ಯೋಚನೆಯೇ ಮಾಡಲಿಲ್ಲವಾ ಎಂದು. “ಯೋಚನೆ ಮಾಡಿ ಆಗಿತ್ತು ಟೀಚರೇ,” ಎಂದರು. ಹತ್ತಾರು ವರ್ಷಗಳ ಹಿಂದೆ ಅದೇ ತಿರುವಿನಲ್ಲಿ ಅವರ ಭಾವ ಬಿದ್ದಿದ್ದರಂತೆ. ಬೆಳಗ್ಗೆ ಹಾಲಿಗೆ ಹೋಗುವವರು ನೋಡಿದ್ದಂತೆ. ಮತ್ತೆ ಬೀಡಿ ಕಟ್ಟು ಕೇಳಿ ಬಂದವರೊಬ್ಬರಿಗೆ ಚಿಲ್ಲರೆ ಎಣಿಸಿ ಕೊಟ್ಟರು.

ಅಂಗಡಿಯ ಗೋಡೆಗೆ ನೀಲಿ ಬಣ್ಣದಲ್ಲಿ ನಾಲ್ಕು ನಂಬರು ಬರೆಸಿದ್ದಾರೆ. ಮೊದಲು 108, ಆಮೇಲೆ ಎರಡು ರಿಕ್ಷಾದವರದು, ಕೊನೆಗೆ ಆ ಮೀನಿನ ಹುಡುಗನದು. ಕಳೆದ ತಿಂಗಳು ಹೋದಾಗ ಕೊನೆಯ ಸಾಲಿನ ಮೇಲೆ ಸುಣ್ಣ ಬಳಿದಿತ್ತು. ಅವನು ಸಿಮ್ ಬದಲಾಯಿಸಿದನಂತೆ. ಅಣ್ಣನ ಮಗ ಸ್ಟೂಲಿನ ಮೇಲೆ ನಿಂತು ಹೊಸ ನಂಬರು ಬರೆಯುತ್ತಿದ್ದ, ಕೆಳಗಿನಿಂದ ಅಣ್ಣ ಒಂದೊಂದೇ ಅಂಕೆಯನ್ನು ಓದಿ ಹೇಳುತ್ತಿದ್ದರು.